ಮಠ ಮರವಾದ ಪ್ರಸಂಗ

ಶರಣಧರ್ಮದಲ್ಲಿ ದಾಸೋಹಕ್ಕೆ ಇರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಬಂದವರಿಗೆ ಅನ್ನ ನೀಡುವುದು, ಇರುಳು ತಂಗಲು ಎಡೆಗೊಡುವುದು, ಕುಲವನ್ನು ಕೇಳದೆ ಉಪಚರಿಸುವುದು ನಮ್ಮ ಮನೆಗಳಲ್ಲೂ ಮಠಗಳಲ್ಲೂ ತಲೆತಲಾಂತರದಿಂದ ನಡೆದುಬಂದಿದೆ. ಆದರೆ ಬರಬೇಕಾದವರಿಗೆ ಬಾಗಿಲೇ ಸಿಗದೆ ಹೋದರೆ ಆ ದಾಸೋಹದ ಗತಿ ಏನು? ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದ ಕಾರಣದಿಂದ, ಶಾಸ್ತ್ರಗ್ರಂಥಗಳ ನಡುವೆ ಆಯುಷ್ಯ ಕಳೆದ ನಾವು ಅರುವತ್ತು ದಾಟಿದ ಮೇಲೆ ಬೀದಿಯ ಫಲಕ ಮತ್ತು ಅದಕ್ಕೆ ಅಂಟಿಸುವ ಹೊಳೆಯುವ ಹಾಳೆಗಳ ಪಾಠ ಹೇಳಿಸಿಕೊಳ್ಳಬೇಕಾಯಿತು. ಆ ಪಾಠ ಬೇರೆ ಊರಿನ ಬಂಧುಗಳಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ಉಡುಪಿ ಜಿಲ್ಲೆಯಲ್ಲಿ ನಮ್ಮವರ ಮನೆಗಳು ವಿರಳ. ಕೆಳದಿಯ ಅರಸರ ಕಾಲದಲ್ಲಿ ಈ ಕರಾವಳಿ ಸೀಮೆ ವೀರಶೈವ ಅರಸೊತ್ತಿಗೆಗೆ ಸೇರಿತ್ತೆಂಬುದು ಚರಿತ್ರೆಯ ಮಾತು. ಇಂದು ಇಲ್ಲಿ ಕಾಣುವವರು ನೌಕರಿಯ ನಿಮಿತ್ತ ಬಂದವರು, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗೆಂದು ಬಂದವರು, ಮತ್ತು ರೋಗಿಗಳನ್ನು ಕರೆದುಕೊಂಡು ಮಣಿಪಾಲಕ್ಕೆ ಬರುವವರು. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಒಂದು ಕಾಲಕ್ಕೆ ಬೋಳುಗುಡ್ಡವಾಗಿದ್ದ ಆ ಊರು ಘಟ್ಟದ ಮೇಲಿನ ಜನರಿಗೂ ಆಸರೆಯಾಗಿದೆ. ಹೀಗೆ ಬರುವವರಿಗಾಗಿ ಕೆಲವು ಕುಟುಂಬಗಳು ಸೇರಿ, ಮಠದ ಹೆಸರಿನಲ್ಲಿ, ಒಂದು ಚಿಕ್ಕ ದಾಸೋಹ ನಿಲಯವನ್ನು ನಡೆಸುತ್ತಿದ್ದೇವೆ. ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಪೂಜಾಗೃಹ. ಅದಕ್ಕಿಂತ ಹೆಚ್ಚಿನ ವೈಭವವಿಲ್ಲ.

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗಿನ ಜಾವ ಬಾಗಲಕೋಟೆಯ ಕಡೆಯ ಒಬ್ಬ ತಾಯಿ ತನ್ನ ಮಗನೊಡನೆ ರಾತ್ರಿ ಬಸ್ಸಿನಿಂದ ಮಣಿಪಾಲದಲ್ಲಿ ಇಳಿದಳು. ಮಗನಿಗೆ ಮೂತ್ರಪಿಂಡದ ಕಾಯಿಲೆ. ತಿರುವಿನಲ್ಲಿ ಫಲಕವಿದೆ, ಅಲ್ಲಿಂದ ಬಲಕ್ಕೆ ಬನ್ನಿರೆಂದು ನಾವೇ ಹಿಂದಿನ ದಿನ ದೂರವಾಣಿಯಲ್ಲಿ ತಿಳಿಸಿದ್ದೆವು. ಮಳೆ ಹೊಡೆಯುತ್ತಿತ್ತು, ವಿದ್ಯುತ್ತು ಹೋಗಿತ್ತು, ಆಕೆಯ ಮೊಬೈಲಿನ ಜೀವವೂ ಮುಗಿದಿತ್ತು. ಆಕೆ ಆ ತಿರುವನ್ನು ಎರಡು ಸಲ ದಾಟಿ ಹೋಗಿ, ಕೊನೆಗೆ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾಗುವವರೆಗೆ ಕುಳಿತಿದ್ದಳು. ನಮ್ಮ ನಿಲಯದ ಬಾಗಿಲು ಅಲ್ಲಿಂದ ನೂರು ಹೆಜ್ಜೆ.

“ಬೋರ್ಡ್ ಐತಿ ಅಂತ ಹೇಳಿದ್ರಿ ಯಪ್ಪಾ. ಎರಡು ಸಲ ಅಡ್ಡಾಡಿದ್ವಿ. ಕತ್ತಲಾಗ ಏನೂ ಕಾಣ್ಲಿಲ್ಲ ನೋಡ್ರಿ” ಎಂದು ಆಕೆ ನಮಗೆ ಹೇಳಿದ್ದು ದೂರಾಗಿ ಅಲ್ಲ. ತನ್ನದೇ ತಪ್ಪೆಂಬಂತೆ ಹೇಳಿದಳು. ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ಫಲಕವೇನೋ ಅಲ್ಲಿತ್ತು. ಒಳ್ಳೆಯ ಕಲಾವಿದರು ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ ಸುಂದರವಾಗಿ ಬರೆದಿದ್ದರು. ಹಗಲಿನಲ್ಲಿ ಅದನ್ನು ಮೆಚ್ಚದವರಿಲ್ಲ. ಆದರೆ ಸಂಕಷ್ಟದಲ್ಲಿರುವವರು ಹಗಲು ನೋಡಿಕೊಂಡು ಬರುತ್ತಾರೆಯೆ?

ಸಮಿತಿಯ ಸಭೆ ಸೇರಿತು. ನಾಲ್ಕು ಕಡೆ ಹೊಸ ಫಲಕ ಹಾಕಿಸುವುದೆಂದು ತೀರ್ಮಾನವಾಯಿತು. ಮಂಗಳೂರಿನಿಂದ ಬರುವ ಬಾಡಿಗೆ ವಾಹನಗಳಿಗಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪುವಿನ ಬಳಿ ಒಂದು. ಘಟ್ಟ ಇಳಿದು ಕಾರ್ಕಳದ ಮೂಲಕ ಬೈಲೂರು, ಹಿರಿಯಡ್ಕದ ದಾರಿ ಹಿಡಿಯುವವರಿಗಾಗಿ ಕಾರ್ಕಳದಾಚೆ ಒಂದು. ಉಡುಪಿಯಲ್ಲಿ ಒಂದು. ಕೊನೆಯದು ಮಣಿಪಾಲದ ಆ ತಿರುವಿನಲ್ಲಿ. ಹೆದ್ದಾರಿಯ ಜಾಗದಲ್ಲಿ ಖಾಸಗಿ ಫಲಕ ನಿಲ್ಲಿಸುವ ಅಧಿಕಾರ ನಮಗಿಲ್ಲವಾದ್ದರಿಂದ, ಕಾಪುವಿನಲ್ಲಿಯೂ ಕಾರ್ಕಳದಲ್ಲಿಯೂ ದಾನಿಗಳ ಸ್ವಂತ ಹಿತ್ತಲಿನ ಅಂಚಿನಲ್ಲಿ, ಸ್ಥಳೀಯ ಆಡಳಿತದ ಒಪ್ಪಿಗೆ ಪಡೆದು ನಿಲ್ಲಿಸುವುದೆಂದಾಯಿತು.

ಫಲಕಕ್ಕೆ “ರೇಡಿಯಂ ಹಾಕಿಸಿ” ಎಂದು ಸಭೆಯಲ್ಲಿ ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ನಮ್ಮ ನಾಡಿನಲ್ಲಿ ವಾಹನದ ಹಿಂದೆ ಅಂಟಿಸುವ ಹೊಳೆಯುವ ಹಾಳೆಗೆಲ್ಲ ಇದೇ ಹೆಸರು. ಅಂಗಡಿಯವರೂ “ರೇಡಿಯಂ ಕಟ್ಟಿಂಗ್” ಎಂದೇ ಬರೆಸಿರುತ್ತಾರೆ. ವಾಸ್ತವದಲ್ಲಿ ರೇಡಿಯಂ ಎಂಬುದು 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ಮೂಲವಸ್ತು. ಹಿಂದೆ ಅದನ್ನು ಬೆರೆಸಿದ ಬಣ್ಣದಿಂದ ಗಡಿಯಾರದ ಮುಳ್ಳುಗಳು ಇರುಳಿನಲ್ಲಿ ತಾವಾಗಿಯೇ ಬೆಳಗುತ್ತಿದ್ದುವು. ಅಂಗಡಿಯ ಹಾಳೆಯಲ್ಲಿ ರೇಡಿಯಂನ ಕಣವೂ ಇಲ್ಲ. ಸ್ವಂತ ಬೆಳಕೂ ಇಲ್ಲ. ಹೆಸರಿನ ಈ ತಪ್ಪು ಎಂಥ ತಪ್ಪುತಿಳಿವಳಿಕೆಗೆ ದಾರಿಯಾಗುತ್ತದೆ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ಉಡುಪಿಯಲ್ಲಿ ಇಂಥ ಕೆಲಸ ಮಾಡುವ ಒಬ್ಬ ತರುಣನ ಬಳಿಗೆ ಹೋದೆವು. ಅವನು ಮೂರು ನಾಲ್ಕು ಬಿಳಿಯ ತುಂಡುಗಳನ್ನು ಮೇಜಿನ ಮೇಲಿಟ್ಟ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ.

“ಹಗಲಿಗೆ ಎಲ್ಲ ಒಂದೇ ಕಾಣ್ತದೆ ಮಾಷ್ಟ್ರೇ, ರಾತ್ರಿ ನೋಡ್ಬೇಕು” ಎಂದು ಅಂಗಡಿಯ ಶಟರನ್ನು ಇಳಿಸಿ, ದೀಪ ಆರಿಸಿ, ನಮ್ಮ ಕೈಗೆ ಟಾರ್ಚು ಕೊಟ್ಟ. ನಾವು ಅದನ್ನು ಎದೆಯ ಮಟ್ಟದಲ್ಲಿ ಹಿಡಿದೆವು. ತುಂಡುಗಳು ಮಂಕಾಗಿಯೇ ಇದ್ದುವು.

“ಕಣ್ಣಿನ ಪಕ್ಕ ಹಿಡೀರಿ. ಹೊಟ್ಟೆ ಹತ್ರ ಹಿಡಿದ್ರೆ ಬೆಳಕು ಹೊಟ್ಟೆಗೇ ವಾಪಸ್ ಹೋಗ್ತದೆ” ಎಂದು ನಕ್ಕ.

ಟಾರ್ಚನ್ನು ಕಪೋಲಕ್ಕೆ ತಾಗಿಸಿ ಹಿಡಿದೆವು. ತುಂಡುಗಳು ಒಮ್ಮೆಲೇ ಹೊತ್ತಿಕೊಂಡಂತೆ ಬೆಳಗಿದುವು. ಒಂದು ಮೆಲ್ಲಗೆ, ಒಂದು ಚೆನ್ನಾಗಿ, ಒಂದು ಕಣ್ಣು ಕೋರೈಸುವಂತೆ.

ಇದರ ಮರ್ಮ ಇಷ್ಟು. ಕನ್ನಡಿ ತನ್ನ ಮೇಲೆ ಓರೆಯಾಗಿ ಬಿದ್ದ ಬೆಳಕನ್ನು ಮತ್ತೊಂದು ದಿಕ್ಕಿಗೆ ಎಸೆಯುತ್ತದೆ. ಸುಣ್ಣದ ಗೋಡೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಈ ಹಾಳೆಯಾದರೋ ಬೆಳಕು ಎತ್ತಣಿಂದ ಬಂತೋ ಅತ್ತಲೇ ಮರಳಿಸುತ್ತದೆ. ಕಡಿಮೆ ದರ್ಜೆಯ ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ. ಬೆಳಕು ಮಣಿಯ ಒಳಹೊಕ್ಕು, ಬಾಗಿ, ಹಿಂಬದಿಯ ಹೊಳಪಿಗೆ ತಾಗಿ ಹಿಂದಿರುಗುತ್ತದೆ. ಮೇಲ್ದರ್ಜೆಯವುಗಳಲ್ಲಿ ಮಣಿಗಳ ಬದಲು ಸೂಕ್ಷ್ಮ ಪಟ್ಟಕಗಳಿರುತ್ತವೆ. ಮೂರು ಗೋಡೆಗಳು ಸೇರುವ ಮೂಲೆಗೆ ಎಸೆದ ಚೆಂಡು ಎಸೆದವನ ಕಡೆಗೇ ಪುಟಿದು ಬರುವಂತೆ, ಪಟ್ಟಕದ ಮೂರು ಮುಖಗಳಿಗೆ ತಾಗಿದ ಬೆಳಕು ಬಂದ ದಿಕ್ಕಿಗೇ ಹೊರಡುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇರಿಸಿ ಬಂದ ಸಾಧನದಲ್ಲಿ ಇಂಥವೇ 100 ಮೂಲೆಪಟ್ಟಕಗಳಿವೆ. 2023ರಲ್ಲಿ ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ಲ್ಯಾಂಡರಿನ ಮೇಲೂ ಇದೇ ತತ್ತ್ವದ ಪುಟ್ಟ ಸಾಧನವಿದೆ. ಕಾಪುವಿನ ಕಡಲ ದಂಡೆಯಲ್ಲಿ 1901ರಿಂದ ನಿಂತಿರುವ ದೀಪಸ್ತಂಭ ತನ್ನ ಬೆಳಕನ್ನು ತಾನೇ ದೂರಕ್ಕೆ ಕಳುಹಿಸುತ್ತದೆ. ನಮ್ಮ ಫಲಕ ಬಂದವರ ಬೆಳಕನ್ನು ಅವರಿಗೇ ಹಿಂದಿರುಗಿಸಬಲ್ಲುದು, ಅಷ್ಟೇ.

ದರ್ಜೆಗಳ ಲೆಕ್ಕವನ್ನೂ ತರುಣ ವಿವರಿಸಿದ. ಹೊಳಪನ್ನು ನಿರ್ದಿಷ್ಟ ಕೋನದಲ್ಲಿ ಅಳೆಯುವ ಒಂದು ಮಾನವಿದೆ. ಅದರಂತೆ ಒಂದನೆಯ ಟೈಪಿನ, ಅಂದರೆ ಎಂಜಿನಿಯರ್ ಗ್ರೇಡಿನ, ಬಿಳಿ ಹಾಳೆ ಹೊಸತರಲ್ಲಿ ಕನಿಷ್ಠ 70 ಇರಬೇಕು. ಹೈ ಇಂಟೆನ್ಸಿಟಿ ಎನ್ನುವ ಮೂರನೆಯದು 250, ಪಟ್ಟಕಗಳಿರುವ ನಾಲ್ಕನೆಯದು 360, ಹನ್ನೊಂದನೆಯದು 580. ಬಣ್ಣಕ್ಕೆ ತಕ್ಕಂತೆ ಇದು ಇಳಿಯುತ್ತದೆ. ಎಂಜಿನಿಯರ್ ಗ್ರೇಡಿನಲ್ಲಿ ಹಳದಿಗೆ 50, ಕೆಂಪಿಗೆ 14, ನೀಲಿಗೆ ಬರೇ 4. ನಮ್ಮ ದೇಶದ ರಸ್ತೆ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 67ನೆಯ ಸಂಹಿತೆಯೇ ಪ್ರಮಾಣ. ಅದು 2012ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾಗಿದೆ. ಖಾಸಗಿ ಫಲಕಕ್ಕೆ ಅದನ್ನು ಅಕ್ಷರಶಃ ಅನುಸರಿಸಬೇಕೆಂದಿಲ್ಲ. ಆದರೆ ಸಂಚಾರ ಫಲಕವೆಂದು ಭ್ರಮೆ ಹುಟ್ಟಿಸುವ ಆಕಾರವನ್ನಾಗಲಿ ಬಣ್ಣವನ್ನಾಗಲಿ ನಾವು ಬಳಸಬಾರದು. ಇನ್ನು, ಹೊಳೆಯುವಂತೆ ತೋರಿದರೂ ಬೆಳಕನ್ನು ಮರಳಿಸದ ಸಾಮಾನ್ಯ ಬಣ್ಣದ ವಿನೈಲನ್ನೂ ಕೆಲವೆಡೆ “ರೇಡಿಯಂ” ಎಂದೇ ಮಾರುತ್ತಾರೆ. ಕತ್ತಲೆ ಕೋಣೆ ಮತ್ತು ಟಾರ್ಚು, ಇವೆರಡೇ ಅದಕ್ಕೆ ಒರೆಗಲ್ಲು.

ಫಲಕದ ಬರಹವೇನಿರಬೇಕೆಂಬ ವಿಷಯಕ್ಕೆ ಬಂದಾಗ ನಿಜವಾದ ಚರ್ಚೆ ಎದ್ದಿತು. ಮೇಲೆ ಮಂತ್ರಾಕ್ಷರಿ, ಎಡಕ್ಕೆ ಬಸವಣ್ಣನವರ ಭಾವಚಿತ್ರ, ಬಲಕ್ಕೆ ಜಗದ್ಗುರುಗಳದು, ಕೆಳಗೆ ದಾನಿಗಳ ನಾಮಾವಳಿ, ಅದರ ಕೆಳಗೆ ಸಮಿತಿಯ ಪದಾಧಿಕಾರಿಗಳು. ಇಷ್ಟೆಲ್ಲವನ್ನೂ ಆರು ಅಡಿಯ ಹಲಗೆಯಲ್ಲಿ ತುಂಬಿದರೆ ದಾರಿ ಹೇಳುವ ಅಕ್ಷರಕ್ಕೆ ಮೂರು ಅಂಗುಲವೂ ಉಳಿಯುತ್ತಿರಲಿಲ್ಲ. ನಾವು ಲೆಕ್ಕ ಹಾಕಿ ತೋರಿಸಿದೆವು. ಒಂದು ಅಂಗುಲ ಎತ್ತರದ ಅಕ್ಷರವನ್ನು 50 ಅಡಿ ದೂರದಿಂದ ಓದಬಹುದೆಂದು ಅಮೆರಿಕದ ರಸ್ತೆ ತಜ್ಞರು ಹಿಂದೆ ಎಣಿಸಿದ್ದರು. ಮುದಿಗಣ್ಣುಗಳ ಕಷ್ಟವನ್ನು ಅರಿತು ಅದನ್ನು 40ಕ್ಕೂ, 2009ರಲ್ಲಿ 30 ಅಡಿಗೂ ಇಳಿಸಿದರು. ಆ ಲೆಕ್ಕದಂತೆ ಹತ್ತು ಅಂಗುಲದ ಅಕ್ಷರ 300 ಅಡಿಯಿಂದ, ಅಂದರೆ ಸುಮಾರು 90 ಮೀಟರಿನಿಂದ ಓದಲು ಸಿಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನಿಗೆ ಸಿಗುವುದು ನಾಲ್ಕು ಸೆಕೆಂಡು. ಇದು ಬಿಡಿಬಿಡಿಯಾದ ರೋಮನ್ ಲಿಪಿಯ ಲೆಕ್ಕ. ಒತ್ತಕ್ಷರ, ಕೊಂಬು, ಗುಡಿಸುಗಳಿರುವ ನಮ್ಮ ಲಿಪಿಗೆ ಇನ್ನೂ ದೊಡ್ಡ ಅಳತೆ ಬೇಕು. ನಾಲ್ಕು ಸೆಕೆಂಡಿನಲ್ಲಿ ಓದಬೇಕಾದ ಕಡೆ ಪದಾಧಿಕಾರಿಗಳ ಹೆಸರಿಗೆ ಎಡೆಯೆಲ್ಲಿ?

ಹಿರಿಯ ದಾನಿಯೊಬ್ಬರು ಬಹಳ ಹೊತ್ತು ಮೌನವಾಗಿದ್ದು, “ಮೊದಲು ನನ್ನ ಹೆಸರು ತೆಗೀರಿ” ಎಂದರು. ಅನಂತರ ಉಳಿದವರೂ ಒಪ್ಪಿದರು. ಭಾವಚಿತ್ರಗಳು ನಿಲಯದ ಒಳಗಿನ ಗೋಡೆಗೆ ಹೋದುವು. ದಾನಿಗಳ ಹೆಸರುಗಳು ದಾಖಲೆಯ ಪುಸ್ತಕಕ್ಕೆ ಹೋದುವು. ಹೆಸರನ್ನು ಮರೆಯಿಸಿ ಕೊಡುವುದೇ ದಾಸೋಹವೆಂದು ನಾವು ವೇದಿಕೆಗಳಿಂದ ಎಷ್ಟೋ ಸಲ ನುಡಿದಿದ್ದೇವೆ. ಅದು ಆಚರಣೆಗೆ ಬಂದದ್ದನ್ನು ಕಂಡದ್ದು ಅಂದು. ಫಲಕದ ಮೇಲೆ ಉಳಿದದ್ದು “ಮಠದ ದಾಸೋಹ ನಿಲಯ, ಮಣಿಪಾಲ” ಎಂಬ ಮಾತು, ಒಂದು ಬಾಣದ ಗುರುತು, ಒಂದು ದೂರವಾಣಿ ಸಂಖ್ಯೆ. 2024ರ ಕಾಯ್ದೆಯ ತಿದ್ದುಪಡಿಯಂತೆ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು. ನಮ್ಮದರಲ್ಲಿ ಅಂಕಿಗಳ ಹೊರತು ಎಲ್ಲವೂ ಕನ್ನಡವೇ.

ಹಾಳೆಯನ್ನು ಆರಿಸುವಾಗ ಮಾತ್ರ ನಾವು ಎಡವಿದೆವು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ವಸ್ತುವೇ ಆಗಲೆಂದು ಅತಿ ಹೆಚ್ಚು ಹೊಳೆಯುವ ದರ್ಜೆಯನ್ನೇ ಹಿಡಿದೆವು. ಅಕ್ಷರಗಳು ದಪ್ಪನಾಗಿರಲಿ ಎಂದೆವು. ಹಿನ್ನೆಲೆಗೆ ಹಣ ಉಳಿಸಲು ಹೊಳಪಿಲ್ಲದ ಕಡುನೀಲಿ ಬಣ್ಣವೇ ಸಾಕೆಂದೆವು. ತರುಣ ತಲೆ ಕೆರೆದುಕೊಂಡ. ಹಿರಿಯರ ಮಾತಿಗೆ ಎದುರಾಡಲಿಲ್ಲ.

ಕಾಪುವಿನ ಫಲಕ ನಿಂತ ವಾರದಲ್ಲಿಯೇ ಒಂದು ಇರುಳು ದೂರವಾಣಿ ಬಂತು. ಮಂಗಳೂರಿನಿಂದ ರೋಗಿಯನ್ನು ಕರೆತರುತ್ತಿದ್ದ ಟೆಂಪೊ ಚಾಲಕ. “ಸ್ವಾಮಿ, ಆ ಮರದ ಮಿಲ್ಲಿನ ಬೋರ್ಡಿನಿಂದ ಮುಂದೆ ಬಂದಾಯ್ತು. ನಿಮ್ಮ ಮಠದ ಬೋರ್ಡು ಇನ್ನೂ ಎಷ್ಟು ದೂರ?” ಎಂದ. ನಮಗೆ ಮೊದಲು ಅರ್ಥವಾಗಲಿಲ್ಲ. ಮರುದಿನ ರಾತ್ರಿ ನಾವೇ ಒಂದು ಕಾರಿನಲ್ಲಿ ಕುಳಿತು ಹೋಗಿ ನೋಡಿದೆವು. ದೂರದಿಂದ “ಮಠದ” ಎಂಬುದು “ಮರದ” ಎಂದೇ ಕಾಣುತ್ತಿತ್ತು!

ಕಾರಣವನ್ನು ಓದುಗರು ಊಹಿಸಿರಬಹುದು. ರಕಾರದಂಥ ಸುತ್ತಿನೊಳಗೆ ಒಂದು ಬೊಟ್ಟಿಟ್ಟರೆ ಠಕಾರ. ಕತ್ತಲೆಯ ಹಿನ್ನೆಲೆಯಲ್ಲಿ ಬೆಳಗುವ ಗೆರೆ ಕಣ್ಣಿಗೆ ತನ್ನ ಅಳತೆಗಿಂತ ದಪ್ಪವಾಗಿ, ಅಂಚು ಕದಡಿ ಕಾಣುತ್ತದೆ. ಹೊಳಪು ಹೆಚ್ಚಿದಷ್ಟೂ, ನೋಡುವವನ ವಯಸ್ಸು ಹೆಚ್ಚಿದಷ್ಟೂ ಈ ಕದಡುವಿಕೆ ಹೆಚ್ಚು. ಬೊಟ್ಟಿಗೂ ಸುತ್ತುಗೆರೆಗೂ ನಡುವೆ ಇರಬೇಕಾದ ಕತ್ತಲೆಯನ್ನು ಬೆಳಕೇ ನುಂಗಿತ್ತು. ಹಾಗೆಯೇ ಬಕಾರ ಭಕಾರಗಳಿಗೆ, ದಕಾರ ಧಕಾರಗಳಿಗೆ ಕೆಳಗಿನ ಸಣ್ಣ ಸೀಳೊಂದೇ ಭೇದ. ಪಕಾರ ಷಕಾರಗಳಿಗೆ ಒಂದು ಒಳಗೆರೆಯ ಅಂತರ. ಇವೆಲ್ಲ ಅತಿಯಾದ ಹೊಳಪಿನಲ್ಲಿ ಅಳಿಸಿಹೋಗುವಂಥವು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಮಗೆ ತಾಡವೋಲೆ ಓದುವುದನ್ನು ಕಲಿಸಿದ ಗುರುಗಳು ಪದೇ ಪದೇ “ಬೊಟ್ಟಿನ ಮೇಲೆ ಕಣ್ಣಿರಲಿ” ಎನ್ನುತ್ತಿದ್ದರು. ಕಂಟದಿಂದ ಕೊರೆದ ಗರಿಗೆ ಮಸಿ ಸವರಿ ಒರೆಸಿದಾಗ ಗೆರೆಯೊಳಗೆ ಮಸಿ ನಿಂತು ಅಕ್ಷರ ಎದ್ದು ಕಾಣುತ್ತದೆ. ಮಸಿ ಹೆಚ್ಚಾದರೆ ಬೊಟ್ಟು ಮುಚ್ಚಿ, ನಕಲುಗಾರ ಠಕಾರವನ್ನು ರಕಾರವಾಗಿ ಬರೆದುಬಿಡುತ್ತಾನೆ. ಹಳೆಯ ಪ್ರತಿಗಳಲ್ಲಿ ಇಂಥ ದೋಷಗಳನ್ನು ಹುಡುಕಿ ತಿದ್ದುವುದರಲ್ಲಿ ವರ್ಷಗಳನ್ನು ಕಳೆದ ನಾವು ಅದೇ ದೋಷವನ್ನು ಹೆದ್ದಾರಿಯ ಬದಿಯಲ್ಲಿ ಹತ್ತು ಅಂಗುಲದ ಗಾತ್ರದಲ್ಲಿ ಮಾಡಿಸಿದ್ದೆವು. ಅಲ್ಲಿ ಮಸಿ ಹೆಚ್ಚಾಗಿತ್ತು, ಇಲ್ಲಿ ಬೆಳಕು ಹೆಚ್ಚಾಗಿತ್ತು.

ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದಲ್ಲಿ ಹೊಳಪಿನ ಹಾಳೆಗಳು ಸುಧಾರಿಸಿದಂತೆಲ್ಲ ಅಲ್ಲಿಯ ಹೆದ್ದಾರಿಯ ಅಕ್ಷರಗಳ ಒಳಬಯಲು ಮುಚ್ಚಿಹೋಗತೊಡಗಿತು. ಅದಕ್ಕೆ ಪರಿಹಾರವಾಗಿ ಒಳಬಯಲನ್ನು ಹಿಗ್ಗಿಸಿದ ಕ್ಲಿಯರ್‌ವ್ಯೂ ಎಂಬ ಅಕ್ಷರವಿನ್ಯಾಸಕ್ಕೆ 2004ರಲ್ಲಿ ತಾತ್ಕಾಲಿಕ ಮನ್ನಣೆ ಕೊಟ್ಟರು. ಕನ್ನಡದಲ್ಲಿ ಸುಂದರವಾದ ಅಕ್ಷರವಿನ್ಯಾಸಗಳು ಎಷ್ಟೋ ಇವೆ. ಆದರೆ ಮದುವೆಯ ಕರೆಯೋಲೆಗೆ ಒಪ್ಪುವ ದಪ್ಪಕ್ಷರ ಇರುಳಿನ ಹೆದ್ದಾರಿಗೆ ಒಪ್ಪದೆಂಬುದನ್ನು ನಾವು ನೆನಪಿಡಬೇಕು.

ಮತ್ತೊಂದು ದೋಷವನ್ನು ಕಾರ್ಕಳದ ಫಲಕ ತೋರಿಸಿತು. ಅದರ ಕೆಲವು ಅಕ್ಷರಗಳು ಪ್ರಕಾಶಮಾನವಾಗಿಯೂ ಕೆಲವು ಮಂಕಾಗಿಯೂ ಇದ್ದುವು. ಹಾಳೆ ಒಂದೇ, ದಿನವೂ ಒಂದೇ. ವಿಚಾರಿಸಿದಾಗ ತಿಳಿದದ್ದು ಹೀಗೆ: ದುಬಾರಿ ಹಾಳೆಯನ್ನು ಉಳಿಸಲು ಪ್ಲಾಟರ್ ಯಂತ್ರದಲ್ಲಿ ಕೆಲವು ಅಕ್ಷರಗಳನ್ನು ಅಡ್ಡವಾಗಿ ಮಲಗಿಸಿ ಕತ್ತರಿಸಿದ್ದರು. ಪಟ್ಟಕಗಳ ಹಾಳೆಗೆ ಬಟ್ಟೆಯ ನೇಯ್ಗೆಯಂತೆ ಒಂದು ದಿಕ್ಕಿರುತ್ತದೆ. ದಿಕ್ಕು ತಪ್ಪಿದರೆ ಕೆಲವು ಕೋನಗಳಲ್ಲಿ ಹೊಳಪು ಬೇರೆಯಾಗುತ್ತದೆ. ಎಲ್ಲ ಅಕ್ಷರಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಹಗಲಿನಲ್ಲಿ ಇದರ ಸುಳಿವೇ ಸಿಗದು.

ಮೂರು ಫಲಕಗಳನ್ನೂ ಇಳಿಸಿ ಮತ್ತೆ ಮಾಡಿಸಿದೆವು. ಈ ಸಲ ತರುಣನಿಗೆ ಮಾತಾಡಲು ಬಿಟ್ಟೆವು. ಕಾಪುವಿನಲ್ಲಿ ವಾಹನಗಳ ವೇಗ ಹೆಚ್ಚು, ಎದುರಿನ ದೀಪಗಳ ಹೊಡೆತವೂ ಹೆಚ್ಚು. ಅಲ್ಲಿಗೆ ನಾಲ್ಕನೆಯ ಟೈಪಿನ ಬಿಳಿ ಹಾಳೆಯನ್ನು ಫಲಕದ ತುಂಬ ಅಂಟಿಸಿ, ಅದರ ಮೇಲೆ ಅಕ್ಷರಗಳನ್ನು ಕಪ್ಪು ವಿನೈಲಿನಲ್ಲಿ ಕತ್ತರಿಸಿ ಹಾಕಿದ. ಕಪ್ಪು ಬೆಳಕನ್ನು ಮರಳಿಸದು. ಬೆಳಗುವ ಬಯಲಿನಲ್ಲಿ ಕಪ್ಪು ಗೆರೆ ಉಬ್ಬುವುದರ ಬದಲು ತುಸು ಸಪೂರವಾಗುವುದರಿಂದ ಅದನ್ನು ಕೊಂಚ ದಪ್ಪಗಿಟ್ಟ. ಠಕಾರದ ಸುತ್ತನ್ನು ಹಿಗ್ಗಿಸಿ ಬೊಟ್ಟನ್ನು ನಡುವಿಗೆ ತಂದ. ಕಾರ್ಕಳದ ದಾರಿಯಲ್ಲಿ ಮರಗಳ ಕತ್ತಲೆ, ಅಂಕುಡೊಂಕಾದ ತಿರುವು. ದೀಪದ ಬೆಳಕು ಫಲಕಕ್ಕೆ ಓರೆಯಾಗಿ ಬೀಳುವುದರಿಂದ ಅಗಲವಾದ ಕೋನಕ್ಕೆ ಒಗ್ಗುವ ಹಾಳೆ ಬೇಕಾಯಿತು. ಬಸ್ಸು, ಲಾರಿಗಳ ಚಾಲಕರು ದೀಪಕ್ಕಿಂತ ಬಹಳ ಎತ್ತರದಲ್ಲಿ ಕುಳಿತಿರುತ್ತಾರಾದ್ದರಿಂದ ಅವರ ಕಣ್ಣಿಗೆ ಮರಳುವ ಬೆಳಕು ಕಾರಿನವರಿಗಿಂತ ಕಡಿಮೆ ಎಂಬುದನ್ನೂ ಗಣಿಸಿದ. ಉಡುಪಿಯ ಪೇಟೆಯಲ್ಲಿ ಬೀದಿದೀಪಗಳಿವೆ, ವೇಗ ಕಡಿಮೆ. ಅಲ್ಲಿಗೆ ಎಂಜಿನಿಯರ್ ಗ್ರೇಡೇ ಧಾರಾಳವಾಯಿತು. ಹೀಗೆ ಸ್ಥಳಕ್ಕೆ ತಕ್ಕಂತೆ ಆರಿಸಿದಾಗ ಒಟ್ಟು ಖರ್ಚೂ ಇಳಿಯಿತು.

ಕರಾವಳಿಯವರು ಇನ್ನೂ ಕೆಲವು ಸಂಗತಿಗಳನ್ನು ಮರೆಯಬಾರದು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಸೀಮೆ ಇದು. ಕಬ್ಬಿಣದ ತಗಡಿನ ಮೇಲೆ ಎಷ್ಟು ಬೆಲೆಯ ಹಾಳೆ ಅಂಟಿಸಿದರೂ ತುಕ್ಕು ಒಳಗಿನಿಂದಲೇ ಎಬ್ಬಿಸುತ್ತದೆ. ಸಣ್ಣ ಫಲಕಕ್ಕೆ ಒಂದೂವರೆ, ದೊಡ್ಡದಕ್ಕೆ ಎರಡು ಮಿ.ಮೀ. ದಪ್ಪದ ಅಲ್ಯುಮಿನಿಯಂ ಶೀಟು ಬೇಕು. ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು. ಅಂಟಿಸುವ ಕೆಲಸ ಮಳೆಗಾಲಕ್ಕೆ ಮುಂಚೆ, ಮಾಡಿನ ಕೆಳಗೆ, ಧೂಳು ಎಣ್ಣೆಗಳನ್ನು ಒರೆಸಿದ ಒಣ ಶೀಟಿನ ಮೇಲೆ ನಡೆಯಬೇಕು. ಹಳೆಯ ಬಣ್ಣದ ಮೇಲೆ ಅಂಟಿಸಿದರೆ ಬಣ್ಣ ಏಳುವಾಗ ಹಾಳೆಯೂ ಏಳುತ್ತದೆ. ಮೇಲ್ದರ್ಜೆಯ ಹಾಳೆಗಳಿಗೆ ತಯಾರಕರು ಸಾಮಾನ್ಯವಾಗಿ 7ರಿಂದ 10 ವರ್ಷಗಳ ಭರವಸೆ ಕೊಡುತ್ತಾರೆ. ಅದನ್ನು ಬಿಲ್ಲಿನ ಜೊತೆಗೆ ಬರೆಸಿಕೊಳ್ಳಬೇಕು. ಮಳೆಗಾಲ ಕಳೆದ ಮೇಲೆ ಪಾಚಿಯನ್ನು ಮೆದು ಬಟ್ಟೆಯಿಂದ, ಸೋಪಿನ ನೀರಿನಿಂದ ತೊಳೆಯಬೇಕು. ಉಜ್ಜುವ ಪುಡಿ ಸಲ್ಲದು.

ಇಷ್ಟೆಲ್ಲ ಆದ ಮೇಲೆ ಮಣಿಪಾಲದ ತಿರುವಿಗೂ ಅಂಥದೇ ಹೊಳೆಯುವ ಫಲಕ ನಿಂತಿತು. ನಮ್ಮ ಕಾರಿನ ದೀಪದಲ್ಲಿ ಅದನ್ನು ನೋಡಿ ನಾವು ತೃಪ್ತರಾದೆವು. ಮುಂದಿನ ಮಾಘದಲ್ಲಿ ಆ ಬಾಗಲಕೋಟೆಯ ತಾಯಿ ಮಗನ ಪರೀಕ್ಷೆಗೆಂದು ಮತ್ತೆ ಬಂದಳು. ಮಗ ಈಗ ಸ್ವತಃ ನಡೆಯುವಷ್ಟು ಗುಣಮುಖನಾಗಿದ್ದ. ರಾತ್ರಿ ಊಟವಾದ ಮೇಲೆ ನಾವು ಉತ್ಸಾಹದಿಂದ, “ಅವ್ವಾ, ನಿನ್ನ ಸಲುವಾಗಿಯೇ ಹೊಸ ಫಲಕ ಹಾಕಿಸಿದ್ದೇವೆ, ಬಾ ನೋಡು” ಎಂದು ತಿರುವಿಗೆ ಕರೆದೊಯ್ದೆವು. ಅಂದೂ ಬೀದಿದೀಪ ಕೆಟ್ಟಿತ್ತು.

ಆಕೆ ಕಣ್ಣು ಕಿರಿದುಮಾಡಿ ನೋಡಿದಳು. “ಎಲ್ಲಿ ಐತ್ರಿ? ನನಗೇನೂ ಕಾಣ್ಸವಲ್ದು ಯಪ್ಪಾ” ಎಂದಳು.

ನಾವು ನೋಡಿದೆವು. ನಮಗೂ ಕಾಣಲಿಲ್ಲ. ಫಲಕ ಕಪ್ಪಗೆ ನಿಂತಿತ್ತು. ಅಷ್ಟರಲ್ಲಿ ಒಂದು ಕಾರು ನಮ್ಮ ಪಕ್ಕದಿಂದ ಹಾದುಹೋಯಿತು. ಅದರ ದೀಪ ಫಲಕದ ಮೇಲೆ ಬಿತ್ತು. ಫಲಕ ಆ ಬೆಳಕನ್ನೆಲ್ಲ ಕಾರಿನೊಳಗಿದ್ದವರಿಗೇ ಕೊಟ್ಟಿತು. ಹತ್ತು ಹೆಜ್ಜೆ ಪಕ್ಕಕ್ಕೆ ನಿಂತಿದ್ದ ನಮಗೆ ಅದರ ಅಲ್ಪಾಂಶವೂ ಬರಲಿಲ್ಲ. ನಾವು ಮೊಬೈಲಿನ ಟಾರ್ಚನ್ನು ಆಕೆಯ ಕಪೋಲದ ಪಕ್ಕದಲ್ಲಿ ಹಿಡಿದೆವು. ಆಗ ಆಕೆಗೆ ಅಕ್ಷರಗಳು ಕಂಡುವು.

ಆಕೆ ಸ್ವಲ್ಪ ಹೊತ್ತು ನೋಡಿ, “ಹಂಗಾದ್ರ ದೀಪ ಇದ್ದವ್ರಿಗಷ್ಟ ಕಾಣ್ತೈತೇನ್ರಿ ಇದು? ನಡಕೊಂತ ಬರೋರಿಗೆ?” ಎಂದು ಕೇಳಿದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಅಂಗಡಿಯ ಕತ್ತಲೆಯಲ್ಲಿ ಆ ತರುಣ ಮೊದಲ ದಿನವೇ ಹೇಳಿದ ಮಾತು ಇದು. ಟಾರ್ಚು ಕಣ್ಣಿನ ಬಳಿ ಇದ್ದರೆ ಮಾತ್ರ ಕಾಣುತ್ತದೆ. ಅದನ್ನು ಕೇಳಿ ನಕ್ಕು ಮರೆತಿದ್ದೆವು. ಆಷಾಢದ ಆ ಇರುಳು ಆಕೆಯ ಬಳಿ ವಾಹನವಿರಲಿಲ್ಲ, ಟಾರ್ಚಿರಲಿಲ್ಲ, ಮೊಬೈಲು ಸತ್ತಿತ್ತು. ಅಂದು ಈ ಫಲಕವೇ ಇದ್ದಿದ್ದರೂ ಆಕೆ ಅದೇ ಜಗಲಿಯ ಮೇಲೆ ಕುಳಿತಿರಬೇಕಾಗುತ್ತಿತ್ತು. ಯಾರ ಕಷ್ಟ ನಮ್ಮನ್ನು ಈ ಕೆಲಸಕ್ಕೆ ಹಚ್ಚಿತೋ ಅವರನ್ನೇ ಬಿಟ್ಟು, ವಾಹನವುಳ್ಳವರಿಗಾಗಿ ನಾವು ಇಷ್ಟು ಶ್ರಮಿಸಿದ್ದೆವು. ಹೊಳಪಿನ ದರ್ಜೆಯನ್ನು ಕೇಳಿದೆವು, ಬೆಲೆಯನ್ನು ಕೇಳಿದೆವು. ಓದುವವರು ಹೇಗೆ ಬರುತ್ತಾರೆ ಎಂಬುದನ್ನು ಮಾತ್ರ ಕೇಳಿಕೊಂಡಿರಲಿಲ್ಲ.

ಮರುದಿನವೇ ಮಣಿಪಾಲದ ಫಲಕದ ಮೇಲೆ 9 ವಾಟಿನ ಒಂದು ಎಲ್‌ಇಡಿ ದೀಪವನ್ನು, ಮಳೆ ತಾಗದಂತೆ ತಗಡಿನ ಮರೆಯಿಟ್ಟು, ಬೆಳಕು ಅಕ್ಷರಗಳ ಮೇಲೆ ಬೀಳುವಂತೆ ಕೂರಿಸಿದೆವು. ಹೊಳೆಯುವ ಹಾಳೆಯನ್ನು ತೆಗೆಸಿ, ಹೊಳಪಿಲ್ಲದ ಬಿಳಿಯ ಮೇಲೆ ಕಪ್ಪು ಅಕ್ಷರಗಳನ್ನು ಹಾಕಿಸಿದೆವು. ಸುಣ್ಣದ ಗೋಡೆಯಂತೆ ಅದು ಬೆಳಕನ್ನು ಎಲ್ಲ ದಿಕ್ಕಿಗೂ ಹಂಚುತ್ತದೆ. ರಾತ್ರಿಗೆ ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ ವಿದ್ಯುತ್ತು. ಕರೆಂಟು ಹೋದಾಗಲೂ ಆರದಂತೆ ನಿಲಯದ ಬ್ಯಾಟರಿಯಿಂದ ತಂತಿ ಎಳೆಸಿದ್ದೇವೆ. ನಾಲ್ಕು ಫಲಕಗಳಲ್ಲಿ ಕಡಿಮೆ ಖರ್ಚಿನದು ಇದೇ. ಹೆಚ್ಚು ಜನರಿಗೆ ಒದಗುತ್ತಿರುವುದೂ ಇದೇ. ಕಾಪು, ಕಾರ್ಕಳಗಳ ಫಲಕಗಳು ತಮ್ಮ ತಾವಿನಲ್ಲಿ ಸರಿಯಾಗಿಯೇ ಇವೆ. ಅಲ್ಲಿ ಓದುವವರು ದೀಪ ಹಚ್ಚಿಕೊಂಡೇ ಬರುತ್ತಾರೆ.

ನಮ್ಮ ಬಂಧುಗಳು ತಮ್ಮ ಊರುಗಳಲ್ಲಿ ಮಠಕ್ಕೋ, ಪ್ರಸಾದ ನಿಲಯಕ್ಕೋ, ಕಲ್ಯಾಣ ಮಂಟಪಕ್ಕೋ ಫಲಕ ಬರೆಸುವ ಸಂದರ್ಭ ಬಂದಾಗ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಹಾಳೆಯನ್ನು ಕೊಳ್ಳುವುದಕ್ಕೆ ಮೊದಲು, ಒಂದು ಇರುಳು ಆ ಸ್ಥಳಕ್ಕೆ ಹೋಗಿ ನಿಲ್ಲಿರಿ. ಒಮ್ಮೆ ವಾಹನದಲ್ಲಿ ಬನ್ನಿರಿ. ಒಮ್ಮೆ ಕೈಯಲ್ಲಿ ದೀಪವಿಲ್ಲದೆ ನಡೆದು ಬನ್ನಿರಿ. ಸಾಧ್ಯವಾದರೆ ಕಣ್ಣು ಮಂಜಾದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಅವರು ಓದಿದರೆ ಎಲ್ಲರೂ ಓದುತ್ತಾರೆ.

ಪ್ರತಿ ಸಂಜೆ ಆ ದೀಪದ ಗುಂಡಿಯನ್ನು ಒತ್ತುವುದು ಈಗ ನಮ್ಮ ಪಾಲಿನ ಕಾಯಕ. ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ಅದನ್ನು ಮುಗಿಸುತ್ತೇವೆ.